ತೋಟ ಇರಲಿ, ಇಂಗ್ಲಿಷ್ ಹಿಡಿ

ಇಂಡಿ ತಾಲೂಕಿನ ಒಬ್ಬ ತಂಗಿಯ ಪತ್ರ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬಿ.ಎ., ಬಿ.ಇಡಿ ಮುಗಿದಿದೆ. ಊರಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಎರಡು ಸಲ ಕೈಕೊಟ್ಟಿದೆ. ಈಗ ಕಾಕಾ ಒಂದು ಖಾಸಗಿ ಶಾಲೆಯ ಮಾತು ತಂದಿದ್ದಾರೆ: ಆರರಿಂದ ಎಂಟನೆಯ ತರಗತಿಗೆ ಸಮಾಜ ವಿಜ್ಞಾನದ ಜಾಗ ಖಾಲಿ ಇದೆ, ಆಡಳಿತ ಮಂಡಳಿಗೆ ಎಂಟು ಲಕ್ಷ ಕೊಟ್ಟರೆ ನೌಕರಿ, ‘ಮುಂದ ಅನುದಾನ ಬಂದೇ ಬರ್ತದ’. ಅಪ್ಪ ಎರಡು ಎಕರೆ ಲಿಂಬಿ ತೋಟ ಮಾರಲು ಹೂಂ ಅಂದಿದ್ದಾರೆ. ರೊಕ್ಕ ಕೊಡುವುದೋ, ಮತ್ತೊಮ್ಮೆ ಪರೀಕ್ಷೆ ಬರೆಯುವುದೋ ಎಂದು ಕೇಳಿದ್ದಾಳೆ.

ತಂಗೀ, ಪತ್ರದ ಕೊನೆಗೆ ನೀನು ಸುಮ್ಮನೆ ಸೇರಿಸಿದ ಅಂಕಗಳನ್ನೇ ನಾನು ಮೊದಲು ನೋಡಿದೆ. ಶಿಶು ವಿಕಸನ 16, ಕನ್ನಡ 24, ಸಮಾಜ ವಿಜ್ಞಾನ 37, ಇಂಗ್ಲಿಷ್ 9. ಒಟ್ಟು 86. ನಿನ್ನ ವರ್ಗಕ್ಕೆ ಬೇಕಾದದ್ದು 150ಕ್ಕೆ 90. ನಾಲ್ಕೇ ನಾಲ್ಕು ಅಂಕಕ್ಕೆ ಎರಡು ಎಕರೆ ತೋಟವೇ? ‘ಇಂಗ್ಲಿಷ್ ಮೊದಲಿನಿಂದಲೂ ಅಷ್ಟಕ್ಕಷ್ಟೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನಾಲ್ಕು ಆಯ್ಕೆಗಳ 30 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ಏಳೆಂಟು ಸರಿಯಾಗುತ್ತವೆ. ಅಂದರೆ ಆ ಭಾಗವನ್ನು ನೀನು ಬರೆದೇ ಇಲ್ಲ. ಇಷ್ಟಾದರೂ ಸಮಾಜ ವಿಜ್ಞಾನಕ್ಕೆ ನಾಲ್ಕನೆಯ ಗೈಡ್ ಕೊಂಡಿದ್ದೀಯ!

ನನಗೆ ಸಿಟ್ಟು ಬಂದದ್ದು ನಿನ್ನ ಕಾಕಾನ ಮೇಲೆ. ಶಿಕ್ಷಕರ ಅರ್ಹತೆ ನಿಗದಿ ಮಾಡುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇಯ 2010ರ ಆಗಸ್ಟ್ 23ರ ಅಧಿಸೂಚನೆಯ ಪ್ರಕಾರ ಒಂದರಿಂದ ಎಂಟನೆಯ ತರಗತಿಗೆ ಕಲಿಸುವವರಿಗೆ ಟಿಇಟಿ ಕಡ್ಡಾಯ, ಖಾಸಗಿ ಶಾಲೆಗೂ ಅದು ಅನ್ವಯ. ಎಂಟು ಲಕ್ಷ ಸುರಿದ ಮೇಲೂ ಇದೇ ಪರೀಕ್ಷೆ ನಿನ್ನ ಮುಂದೆ ನಿಲ್ಲುತ್ತದೆ. ಅನುದಾನ ಬರುವುದು ಸರ್ಕಾರದ ಅನುಮೋದನೆಯಿಂದ, ಮಂಡಳಿಯವರ ಮಾತಿನಿಂದಲ್ಲ. ಇಷ್ಟನ್ನು ವಿಚಾರಿಸದೆ ಅಣ್ಣನ ತೋಟಕ್ಕೆ ಬೆಲೆ ಕಟ್ಟುವುದು ಯಾವ ಹಿರಿತನ?

ಇನ್ನು ಇಂಗ್ಲಿಷ್. ಅಲ್ಲಿ ಪಠ್ಯಾಂಶ ಕೊಟ್ಟು ಕೇಳುವ ಪ್ರಶ್ನೆಗಳಿವೆ, ಭಾಷಾ ಬೋಧನೆಯ ಪ್ರಶ್ನೆಗಳಿವೆ. ಪಠ್ಯಾಂಶವನ್ನು ಪದ ಪದವಾಗಿ ಕನ್ನಡಕ್ಕೆ ತಂದುಕೊಳ್ಳುತ್ತ ಕೂತರೆ ಹೊತ್ತು ಹೋಗುತ್ತದೆ, ಕೊನೆಗೆ ಗಡಿಬಿಡಿಯಲ್ಲಿ ಸಿಕ್ಕ ವೃತ್ತ ತುಂಬುತ್ತೀಯ. ಮೊದಲು ಪ್ರಶ್ನೆ ಓದು. ಉತ್ತರ ಅಡಗಿದ ಸಾಲು ಹುಡುಕಿ ಅಡಿಗೆರೆ ಹಾಕು, ಆಮೇಲೆ ಆಯ್ಕೆಗಳನ್ನು ನೋಡು. ಬೋಧನೆಯ ಪ್ರಶ್ನೆಗಳಂತೂ ನೀನು ಬಿ.ಇಡಿಯಲ್ಲಿ ಕಲಿತದ್ದೇ. ‘ರೆಮಿಡಿಯಲ್ ಟೀಚಿಂಗ್’ ಅಂದರೆ ನಿನಗೆ ಗೊತ್ತಿರುವ ಪರಿಹಾರ ಬೋಧನೆ, ‘ಫಾರ್ಮೇಟಿವ್ ಅಸೆಸ್‌ಮೆಂಟ್’ ಅಂದರೆ ರೂಪಣಾತ್ಮಕ ಮೌಲ್ಯಮಾಪನ. ಇಂಥ ಐವತ್ತು ಪದಗಳನ್ನು ಎರಡು ಅಂಕಣ ಮಾಡಿ ಬರೆದುಕೋ. ಇಡೀ ಪತ್ರಿಕೆಗೆ 150 ನಿಮಿಷ, ಅದರಲ್ಲಿ ಇಂಗ್ಲಿಷಿಗೆ ಮೂವತ್ತು ಎತ್ತಿಡು, ಕೊನೆಗೆ ತಳ್ಳಬೇಡ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದೂ ಖಾಲಿ ಬಿಡಬೇಡ.

ಒಂದರಿಂದ ಐದನೆಯ ತರಗತಿಗೆ ಕಲಿಸುವವರು ಬರೆಯುವ ಪತ್ರಿಕೆ 1ಕ್ಕೂ ಅರ್ಜಿ ಹಾಕುತ್ತಿದ್ದೀಯಂತೆ, ಬಿಟ್ಟುಬಿಡು. ಐದನೆಯ ತರಗತಿವರೆಗಿನ ನೇಮಕಾತಿಗೆ ಬಿ.ಇಡಿ ನಡೆಯುವುದಿಲ್ಲವೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಆರರಿಂದ ಎಂಟನೆಯ ತರಗತಿಗಿರುವ ಪತ್ರಿಕೆ 2 ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ಮಾಡಬೇಕಾದದ್ದು ಒಂದೇ. ಗೈಡ್‌ಗಳನ್ನು ಕಟ್ಟಿಡು. ಪರೀಕ್ಷೆಯವರೆಗೆ ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹಳೆಯ ಟಿಇಟಿ ಪತ್ರಿಕೆಯಿಂದ ಒಂದು ಇಂಗ್ಲಿಷ್ ಪಠ್ಯಾಂಶ ಬಿಡಿಸು, ತಪ್ಪಿದ ಪ್ರಶ್ನೆಯ ಪಕ್ಕ ಯಾಕೆ ತಪ್ಪಿತು ಎಂದು ಬರೆ. ತೋಟದ ಮಾತು ನಿಂತಿತು ಎಂದು ಅಪ್ಪನಿಗೆ ಇವತ್ತೇ ಹೇಳು.