ಸವೆದ ಶಾಸನದ ಅಕ್ಷರ ಓದುವುದು ಹೇಗೆ?

ಕಾಸರಗೋಡಿನ ನಿಮ್ಮೂರ ದೇವಸ್ಥಾನದ ಅಂಗಳದಲ್ಲಿ ಹಳೆಗನ್ನಡದ ಕಲ್ಲೊಂದಿದೆ, ಹಗಲಲ್ಲಿ ಎಷ್ಟು ನೋಡಿದರೂ ಅಕ್ಷರ ಕಾಣುವುದಿಲ್ಲ ಎಂದು ಕೇಳಿದ್ದೀರಿ. ರಾತ್ರಿ ಹೋಗಿ ನೋಡಿ.

ಬೆಳಕು ಎದುರಿನಿಂದ ಬಿದ್ದರೆ ತಗ್ಗಿನಲ್ಲಿ ನೆರಳೇ ಇರುವುದಿಲ್ಲ. ಟಾರ್ಚನ್ನು ಕಲ್ಲಿನ ಪಕ್ಕದಲ್ಲಿ, ಹೆಚ್ಚುಕಡಿಮೆ ಅದರ ಮೈಗೆ ತಾಗಿಸಿ, ಓರೆಯಾಗಿ ಹಿಡಿಯಿರಿ. ಸಣ್ಣ ಗೀರಿಗೂ ನೆರಳು ಬೀಳುತ್ತದೆ. ಎಡದಿಂದ ಒಮ್ಮೆ, ಮೇಲಿಂದ ಒಮ್ಮೆ ಹಿಡಿಯಿರಿ. ಬೆಳಕಿನ ಜೊತೆಗೇ ಸಾಗುವ ಗೆರೆ ಅಡಗಿಬಿಡುತ್ತದೆ, ಅಡ್ಡ ಬರುವ ಗೆರೆ ಎದ್ದು ಕಾಣುತ್ತದೆ. ಮೊದಲ ಸಲ ಒಂದು ಕೊಂಬು, ಒಂದು ಒತ್ತಕ್ಷರ ಹೀಗೆ ಮೇಲೆದ್ದು ಬಂದಾಗ ಮೈ ಜುಮ್ಮೆನ್ನುತ್ತದೆ.

ಮೊದಲ ಸಾಲಲ್ಲಿ ‘ಸ್ವಸ್ತಿ ಶ್ರೀ’ ಹುಡುಕಿ, ತುಂಬಾ ಶಾಸನಗಳು ಹಾಗೇ ಶುರುವಾಗುತ್ತವೆ. ದಾನದ ಶಾಸನವಾದರೆ ಕೊನೆಯಲ್ಲಿ, ಅದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ (ಕಪಿಲೆ ಹಸು) ಕೊಂದ ಪಾಪ ಎಂಬ ಶಾಪ ಇರಬಹುದು. ಗೊತ್ತಿರುವ ಈ ಮಾತುಗಳಿಂದಲೇ ಕೆತ್ತಿದವನ ಕೈ ಗುರುತಾಗುತ್ತದೆ.

ದಯವಿಟ್ಟು ಸೀಮೆಸುಣ್ಣದಿಂದ ಮಾತ್ರ ತಿದ್ದಬೇಡಿ. ತಿದ್ದಿದರೆ ನಮಗೆ ಬೇಕಾದ ಅಕ್ಷರವೇ ಕಾಣುತ್ತದೆ, ಅಲ್ವಾ? ಫೋಟೋ ತೆಗೆದು ಇತಿಹಾಸ ವಿಭಾಗದವರಿಗೆ ತೋರಿಸಿ. ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ತಿಳಿದವರ ಕೆಲಸ.