ಓದುಗರ ಪ್ರಶ್ನೆ: ಕಾಳ್ಗಿಚ್ಚಿನ ಹೊಗೆ, ಮುಚ್ಚಿದ ಮನೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿ ಎರಡು ಮಲಗುವ ಕೋಣೆಗಳ ಬಾಡಿಗೆ ಮನೆಯಲ್ಲಿದ್ದೇವೆ. ಏಳು ವರ್ಷದ ಮಗನಿಗೆ ಅಸ್ತಮಾ ಇದೆ. ಕಾಳ್ಗಿಚ್ಚಿನ ಹೊಗೆ ಬಂದಾಗ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿದರೂ ಅವನ ಕೆಮ್ಮು ನಿಲ್ಲುವುದಿಲ್ಲ. ತೀರ್ಥಹಳ್ಳಿ ಕಡೆಯಿಂದ ಬಂದಿರುವ ಅತ್ತೆಯವರು, ‘ಜೀವಮಾನವೆಲ್ಲ ಸೌದೆ ಒಲೆ ಊದಿದವಳು ನಾನು, ಈ ಹೊಗೆಗೆ ಇಷ್ಟು ಹೆದರಬೇಕೇ?’ ಎನ್ನುತ್ತಾರೆ. ಸಂಜೆ ದೇವರಿಗೆ ಧೂಪ ಹಾಕುವುದನ್ನು ನಿಲ್ಲಿಸಲು ಅವರಿಗೆ ಮನಸ್ಸಿಲ್ಲ. ಅವರನ್ನು ನೋಯಿಸದೆ ಏನು ಮಾಡಬಹುದು?
– ಓದುಗರೊಬ್ಬರು, ಸನ್ನಿವೇಲ್

ಉತ್ತರ: ಕಿಟಕಿ ಮುಚ್ಚಿದರೆ ಹೊಗೆ ಒಳಗೆ ಬರುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬಾಗಿಲಿನ ಕೆಳಗಿನ ಸಂದು, ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನು, ಹಳೆಯ ಕಿಟಕಿಯ ಚೌಕಟ್ಟು, ಇವೆಲ್ಲದರ ಮೂಲಕ ಗಾಳಿ ನುಸುಳುತ್ತಲೇ ಇರುತ್ತದೆ. ಹೊಗೆಯಲ್ಲಿ ನಮಗೆ ಹೆಚ್ಚು ಕೆಡುಕು ಮಾಡುವ ಪಿಎಂ 2.5 ಕಣಗಳ ಅಡ್ಡಳತೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ಅವು ಮೂಗಿನಲ್ಲಾಗಲಿ ಗಂಟಲಿನಲ್ಲಾಗಲಿ ತಡೆಯದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಉತ್ತರ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಕಾಳ್ಗಿಚ್ಚಿಗೆ ಸುಟ್ಟುಹೋದ 2018ರ ನವೆಂಬರಿನಲ್ಲಿ, ಬೆಂಕಿ 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದರೂ ನಿಮ್ಮ ಕಡೆಯ ಊರುಗಳ ಮೇಲೆ ಹೊಗೆ ಸುಮಾರು ಎರಡು ವಾರ ಕವಿದಿತ್ತು. ಅಷ್ಟು ದಿನ ಮುಚ್ಚಿಟ್ಟ ಮನೆಯೊಳಗಿನ ಗಾಳಿ ತಾನಾಗಿ ಶುದ್ಧವಾಗಿ ಉಳಿಯುವುದಿಲ್ಲ; ಅದನ್ನು ನಾವೇ ಶುದ್ಧಗೊಳಿಸುತ್ತಿರಬೇಕು.

ಮೊದಲು ಅಡುಗೆಮನೆಯನ್ನು ನೋಡಿ. ಬಾಣಲೆಯಲ್ಲಿ ಎಣ್ಣೆ ಕಾದು, ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಕಪ್ಪಾಗುವಷ್ಟರಲ್ಲಿ, ಪಕ್ಕದ ಕೋಣೆಯಲ್ಲಿಟ್ಟ ಗಾಳಿಮಾಪಕದ ಅಂಕಿ ಸರಸರನೆ ಏರುವುದನ್ನು ಕಣ್ಣಾರೆ ಕಾಣಬಹುದು. ಬೇರೆ ದಿನಗಳಲ್ಲಿ ಕಿಟಕಿ ತೆರೆದರೆ ಹೋಗಿಬಿಡುವ ಈ ಹೊಗೆ, ಮನೆ ಮುಚ್ಚಿದ ದಿನ ಮಗನ ಉಸಿರಿನಲ್ಲೇ ಉಳಿಯುತ್ತದೆ. ಆದ್ದರಿಂದ ಹೊಗೆ ದಟ್ಟವಾಗಿರುವಷ್ಟು ದಿನ ಕರಿಯುವುದು, ಹುರಿಯುವುದು, ಕಾವಲಿಯ ಮೇಲೆ ರೊಟ್ಟಿ ಸುಡುವುದು ಬೇಡ. ಕುಕ್ಕರಿನ ಅನ್ನ, ಬೇಯಿಸಿದ ಬೇಳೆಯ ತೊವ್ವೆ, ಇಡ್ಲಿ, ಮೊಸರನ್ನ ಸಾಕು. ಒಗ್ಗರಣೆಯಿಲ್ಲದ ಸಾರು ಒಂದು ವಾರ ಸಪ್ಪೆಯೆನಿಸಿದರೂ ಚಿಂತೆಯಿಲ್ಲ. ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇಲ್ಲದಿದ್ದರೆ ಅದನ್ನೂ ಬಳಸದೆ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಎರಡನೆಯದಾಗಿ, ಮನೆಯನ್ನೆಲ್ಲ ಶುದ್ಧ ಮಾಡಲು ಹೊರಡುವ ಬದಲು ಮಗ ಮಲಗುವ ಕೋಣೆಯನ್ನು ಆರಿಸಿಕೊಳ್ಳಿ. ಏರ್ ಪ್ಯೂರಿಫೈಯರ್ ಕೊಳ್ಳುವಾಗ ಡಬ್ಬಿಯ ಮೇಲೆ ಹೊಗೆಗೆ ಸಂಬಂಧಿಸಿದ ಸಿಎಡಿಆರ್ ಎಂಬ ಅಂಕಿಯನ್ನು ನೋಡಿ; ಯಂತ್ರ ನಿಮಿಷಕ್ಕೆ ಎಷ್ಟು ಗಾಳಿಯನ್ನು ಶುದ್ಧ ಮಾಡಿ ಕೊಡುತ್ತದೆಂದು ಅದು ಹೇಳುತ್ತದೆ. ಕಾಳ್ಗಿಚ್ಚಿನ ಹೊಗೆಗೆ ಅದು ಕೋಣೆಯ ಚದರ ಅಡಿಯಷ್ಟಾದರೂ ಇರಬೇಕು, ಅಂದರೆ 120 ಚದರ ಅಡಿಯ ಕೋಣೆಗೆ ಕನಿಷ್ಠ 120. ಓಝೋನ್ ಹೊರಸೂಸುವ ಯಂತ್ರವನ್ನು ಅಸ್ತಮಾ ಇರುವ ಮಗುವಿನ ಬಳಿಗೆ ತರಲೇಬೇಡಿ. ಯಂತ್ರ ದುಬಾರಿಯೆನಿಸಿದರೆ, 2020ರಲ್ಲಿ ಪರಿಸರ ಎಂಜಿನಿಯರ್ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ಉದ್ಯಮಿ ಜಿಮ್ ರೋಸೆಂತಾಲ್ ಅವರ ಹೆಸರಿನಲ್ಲಿ ಪ್ರಚಾರಕ್ಕೆ ಬಂದ, ಗಾಳಿ ಶೋಧಿಸುವ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಬಹುದು. ಮರ್ವ್ 13 ದರ್ಜೆಯ (ಮರ್ವ್ ಎಂದರೆ ಫಿಲ್ಟರು ಕಣಗಳನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆಂಬ ಅಳತೆ) 20 ಇಂಚಿನ ನಾಲ್ಕು ಫಿಲ್ಟರುಗಳನ್ನು ನಾಲ್ಕು ಗೋಡೆಗಳಂತೆ ನಿಲ್ಲಿಸಿ, ತಳಕ್ಕೆ ರಟ್ಟು, ಮೇಲೆ 20 ಇಂಚಿನ ಚೌಕಾಕಾರದ ಫ್ಯಾನು ಇಟ್ಟು, ಸಂದುಗಳಿಗೆಲ್ಲ ಅಗಲವಾದ ಟೇಪು ಅಂಟಿಸಿದರೆ ಆಯಿತು. ಫಿಲ್ಟರಿನ ಅಂಚಿನಲ್ಲಿರುವ ಬಾಣದ ಗುರುತು ಪೆಟ್ಟಿಗೆಯ ಒಳಮುಖವಾಗಿಯೂ ಫ್ಯಾನಿನ ಗಾಳಿ ಮೇಲ್ಮುಖವಾಗಿಯೂ ಇರಬೇಕು. ಫ್ಯಾನು 2012ರ ನಂತರ ತಯಾರಾದದ್ದಾಗಿರಲಿ, ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಓಡಿಸಬೇಡಿ. ಬಿಳಿಯ ಫಿಲ್ಟರು ಬೂದುಬಣ್ಣಕ್ಕೆ ತಿರುಗಿದಾಗ ಬದಲಿಸಿ. ಇಷ್ಟೆಲ್ಲ ಮಾಡಿದ ಮೇಲೂ ಸುಟ್ಟ ವಾಸನೆ ಸ್ವಲ್ಪ ಉಳಿಯಬಹುದು, ಏಕೆಂದರೆ ಈ ಫಿಲ್ಟರುಗಳು ಹಿಡಿಯುವುದು ಕಣಗಳನ್ನು, ಅನಿಲಗಳನ್ನಲ್ಲ.

ಇನ್ನು ಅತ್ತೆಯವರ ಮಾತು. ಅದನ್ನು ತಳ್ಳಿಹಾಕಬೇಡಿ, ಸೌದೆ ಒಲೆಗೂ ಕಾಳ್ಗಿಚ್ಚಿಗೂ ಅವರು ಕಂಡ ಹೋಲಿಕೆ ಸರಿಯಾಗಿಯೇ ಇದೆ, ಎರಡೂ ಕಟ್ಟಿಗೆಯ ಹೊಗೆಯೇ. ಆದರೆ ಆ ಒಲೆಯ ಮುಂದೆ ಕುಳಿತ ನಮ್ಮ ತಾಯಂದಿರು, ಅಜ್ಜಿಯರು ಅದಕ್ಕೆ ಬೆಲೆ ತೆರದೆ ಉಳಿಯಲಿಲ್ಲ. ಒಂದು ದಿನವೂ ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೆ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಬರಲು ಒಲೆಯ ಹೊಗೆ ದೊಡ್ಡ ಕಾರಣವೆಂದು ವೈದ್ಯಕೀಯ ಲೋಕ ಒಪ್ಪಿದೆ. ಹಾಗಾಗಿ ಈ ದಿನಗಳಲ್ಲಿ ಮಗನಷ್ಟೇ ಕಾಳಜಿ ಅವರಿಗೂ ಬೇಕು. ಮೆಟ್ಟಿಲು ಹತ್ತುವಾಗ ಅವರಿಗೆ ಏದುಸಿರು ಬರುತ್ತದೆಯೇ ಎಂದು ಗಮನಿಸಿ, ಬರುತ್ತಿದ್ದರೆ ವೈದ್ಯರಿಗೆ ತೋರಿಸಿ. ಇದನ್ನು ಆರೋಪದಂತೆ ಹೇಳದೆ, ‘ನಿಮ್ಮ ಉಸಿರಿನ ಚಿಂತೆಯೂ ನಮಗಿದೆ’ ಎಂದು ನಿಮ್ಮ ಪತಿಯೇ ತಾಯಿಯ ಬಳಿ ಕುಳಿತು ಹೇಳುವುದು ಒಳ್ಳೆಯದೆಂದು ನನಗೆ ತೋರುತ್ತದೆ. ದೇವರ ಮುಂದೆ ಸಣ್ಣ ದೀಪವಿರಲಿ. ಧೂಪ, ಊದುಬತ್ತಿ, ಕರ್ಪೂರಗಳನ್ನು ಹೊಗೆ ತಿಳಿಯಾಗುವವರೆಗೆ ಬಿಟ್ಟು, ಹೂವು ಏರಿಸಿ ಪೂಜೆ ಮಾಡಬಹುದು. ಮೊಮ್ಮಗನ ಕೆಮ್ಮಿಗಾಗಿ ಎಂದರೆ ಯಾವ ಅಜ್ಜಿಯೂ ಇಲ್ಲವೆನ್ನುವುದಿಲ್ಲ.

ಮಗನ ಔಷಧದ ವಿಷಯದಲ್ಲಿ ಸಡಿಲಿಕೆ ಬೇಡ. ದಿನವೂ ತೆಗೆದುಕೊಳ್ಳಬೇಕಾದ ಇನ್‌ಹೇಲರನ್ನು ಕೆಮ್ಮು ಇಲ್ಲವೆಂದು ಬಿಡಿಸಬಾರದು. ಕೆಮ್ಮು ಹೆಚ್ಚಾದರೆ ಏನೇನು ಮಾಡಬೇಕೆಂದು ಬರೆದ ಚೀಟಿಯನ್ನು ಹೊಗೆಯ ಕಾಲಕ್ಕೆ ಮುಂಚೆ, ಜುಲೈನಲ್ಲೇ ಮಕ್ಕಳ ವೈದ್ಯರಿಂದ ಪಡೆದು, ಒಂದು ಪ್ರತಿಯನ್ನು ಶಾಲೆಗೆ ಕೊಡಿ. ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೆಳೆಯುತ್ತಿದ್ದರೆ, ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ ಕೂಡಲೇ 911ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಏಸಿ ಇಲ್ಲದೆ ಸೆಕೆ ವಿಪರೀತವಾದರೆ ಮುಚ್ಚಿದ ಮನೆಯಲ್ಲೇ ಇರಬೇಕೆಂಬ ಹಟ ಬೇಡ. ಹಗಲನ್ನು ಊರಿನ ಗ್ರಂಥಾಲಯದಂಥ ತಂಪು ಕಟ್ಟಡದಲ್ಲಿ ಕಳೆಯಿರಿ.

ಪ್ರಶ್ನೆ: ಸರ್ಕಾರದ ಏರ್‌ನೌ ತಾಣದಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ (ಎಕ್ಯೂಐ) 95 ಎಂದಿದ್ದರೆ, ಅದೇ ಹೊತ್ತಿಗೆ ನೆರೆಮನೆಯ ಪರ್ಪಲ್ ಏರ್ ಮಾಪಕ 160 ತೋರಿಸುತ್ತದೆ. ಯಾವುದನ್ನು ನಂಬಿ ಮಗಳನ್ನು ಸಾಕರ್ ಅಭ್ಯಾಸಕ್ಕೆ ಕಳಿಸಲಿ?
– ಓದುಗರೊಬ್ಬರು, ಸ್ಯಾಕ್ರಮೆಂಟೊ

ಉತ್ತರ: ಎರಡನ್ನೂ ನೋಡಬೇಕು. ಸರ್ಕಾರದ ಮಾಪಕಗಳು ನಿಖರವಾದವು, ಆದರೆ ಸಂಖ್ಯೆಯಲ್ಲಿ ಕಡಿಮೆ. ನಿಮ್ಮ ಬೀದಿಯಲ್ಲಿ ಅವು ಇರುವುದು ಅಪರೂಪ. ಪರ್ಪಲ್ ಏರ್ ಲೇಸರ್ ಬೆಳಕಿನಿಂದ ಕಣಗಳನ್ನು ಎಣಿಸಿ ಅವುಗಳ ತೂಕವನ್ನು ಅಂದಾಜು ಮಾಡುತ್ತದೆ, ಆ ಅಂದಾಜು ಕಟ್ಟಿಗೆಯ ಹೊಗೆಯಲ್ಲಿ ವಾಸ್ತವಕ್ಕಿಂತ ಹೆಚ್ಚಾಗುತ್ತದೆ. ಏರ್‌ನೌ ತಾಣದ ಬೆಂಕಿ ಮತ್ತು ಹೊಗೆಯ ನಕ್ಷೆಯಲ್ಲಿ ಇಂಥ ಮನೆಯ ಮಾಪಕಗಳ ಅಂಕಿಗಳನ್ನೂ ತಿದ್ದಿ ತೋರಿಸುವುದರಿಂದ ಅದನ್ನೇ ಆಧಾರವಾಗಿಟ್ಟುಕೊಳ್ಳಿ. ಅಲ್ಲಿ 150 ದಾಟಿದ್ದರೆ ಯಾವ ಮಗುವೂ ಮೈದಾನದಲ್ಲಿ ಓಡಬಾರದು. ಅಸ್ತಮಾ ಇದ್ದರೆ 100 ದಾಟಿದಾಗಲೇ ಬೇಡವೆನ್ನಿ. ಮೂಗನ್ನು ನೆಚ್ಚಬೇಡಿ, ದೂರದಿಂದ ಬಂದ ಹೊಗೆಗೆ ವಾಸನೆ ಅಷ್ಟಾಗಿ ಇರದಿರಬಹುದು. ಮಾಸ್ಕ್ ಹಾಕಿ ಆಡಿಸುವ ಯೋಚನೆಯೂ ಸರಿಯಲ್ಲ: ಬಟ್ಟೆಯ ಮಾಸ್ಕ್ ಈ ಕಣಗಳನ್ನು ಹೆಚ್ಚೇನೂ ತಡೆಯುವುದಿಲ್ಲ, ಎನ್95 ಮಾಸ್ಕನ್ನು ರೂಪಿಸಿರುವುದು ದೊಡ್ಡವರ ಮುಖದ ಅಳತೆಗೆ.

ಪ್ರಶ್ನೆ: ನಾವು ಅರವತ್ತೈದು ದಾಟಿದ ದಂಪತಿ. ಯಜಮಾನರಿಗೆ ಸಿಒಪಿಡಿ ಇದೆ. ದಸರಾ ರಜೆಯ ಹೊತ್ತಿಗೆ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ಹೋಗಬೇಕೆಂದಿದ್ದೇವೆ. ಅಲ್ಲಿ ಎಕ್ಯೂಐ 150 ಎಂದರೆ ಮಗಳು ಗಾಬರಿಯಾಗುತ್ತಾಳೆ, ನಮ್ಮಲ್ಲಿ 100 ಇದ್ದರೂ ಯಾರೂ ಲೆಕ್ಕಿಸುವುದಿಲ್ಲ. ಹೋಗಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡು ದೇಶಗಳ ಅಳತೆಗೋಲು ಬೇರೆ ಬೇರೆ. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ಭಾರತದ ಸೂಚ್ಯಂಕ 100 ಎಂದು ತೋರಿಸಿ ಅದನ್ನು ‘ತೃಪ್ತಿಕರ’ ಎನ್ನುತ್ತದೆ. ಅದೇ ಗಾಳಿಗೆ ಅಮೆರಿಕದ ಸೂಚ್ಯಂಕ 150 ದಾಟಿ ‘ಅನಾರೋಗ್ಯಕರ’ವಾದ ಕೆಂಪು ಬಣ್ಣ ತೋರಿಸುತ್ತದೆ. ಹಾಗಾಗಿ ಮಗಳ ಗಾಬರಿ ಅತಿಯಾದದ್ದಲ್ಲ, ನಮ್ಮ ಊರಿನ 100 ಕೂಡ ಯಜಮಾನರಿಗೆ ಲೆಕ್ಕಿಸಬೇಕಾದ ಅಂಕಿಯೇ.

ಸಾಧ್ಯವಾದರೆ ಪ್ರಯಾಣವನ್ನು ಮಾರ್ಚ್‌ನಿಂದ ಮೇ ಒಳಗಿನ ತಿಂಗಳುಗಳಿಗೆ ಬದಲಿಸಿ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ಮಳೆಯ ನಂತರ ಗುಡ್ಡಗಳು ಹಸಿರಾಗಿರುವ ಕಾಲ ಅದು; ಬೇಸಿಗೆಯಿಡೀ ಒಣಗಿದ ಹುಲ್ಲಿಗೆ ಬಿಸಿಗಾಳಿ ಸೇರುವುದು ಆಗಸ್ಟಿನಿಂದ ನವೆಂಬರಿನವರೆಗೆ. ಟಿಕೆಟ್ ಈಗಾಗಲೇ ಆಗಿದ್ದರೆ, ಇಡೀ ವಾಸ್ತವ್ಯಕ್ಕೆ ಸಾಕಾಗುವಷ್ಟು ಇನ್‌ಹೇಲರುಗಳನ್ನೂ ಇಂಗ್ಲಿಷಿನಲ್ಲಿ ಬರೆದ ಔಷಧಚೀಟಿಯನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪ್ರವಾಸ ವಿಮೆಯ ಹಲವು ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಯ ಖರ್ಚನ್ನು ಕೊಡುವುದಿಲ್ಲ; ಸಿಒಪಿಡಿ ಉಲ್ಬಣಿಸಿ ಆಸ್ಪತ್ರೆಗೆ ಸೇರಬೇಕಾದರೆ ಎಷ್ಟು ಹಣ ಸಿಗುತ್ತದೆ ಎಂಬುದಕ್ಕೆ ವಿಮೆ ಮಾರುವವರಿಂದ ಬರವಣಿಗೆಯಲ್ಲಿ ಉತ್ತರ ಪಡೆದ ನಂತರವೇ ಕಂತು ಕಟ್ಟಿ.