ಹೊಸ ಮ್ಯೂಸಿಕಲ್‌ಗಳಿಗೆ ಡ್ರಾಮಟರ್ಗ್ ಆಗಬೇಕು, ಕನ್ನಡದಲ್ಲಿ ದಾರಿ ಇದೆಯೇ?

ಕನ್ನಡ ಎಂ.ಎ. ಮುಗಿಸಿದ್ದೀರಿ, ಹಾಡುಗಾರಿಕೆ ಸ್ವಲ್ಪ ಬರುತ್ತದೆ. ಹೊಸ ಮ್ಯೂಸಿಕಲ್‌ಗಳಿಗೆ (ಮಾತಿನ ಜೊತೆ ಹಾಡಿನಲ್ಲೂ ಕಥೆ ಸಾಗುವ ನಾಟಕಗಳಿಗೆ) ಡ್ರಾಮಟರ್ಗ್, ಎಂದರೆ ಬರೆಯುವವರ ಜೊತೆ ಕೂತು ಕೃತಿ ತಿದ್ದಲು ನೆರವಾಗುವವನು, ಆಗಿ ಬದುಕಬಹುದೇ, ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಆ ಒಂದೇ ಕೆಲಸದಲ್ಲಿ ಕನ್ನಡದಲ್ಲಿ ಹೊಟ್ಟೆ ತುಂಬುವುದಿಲ್ಲ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ಅನ್ನ ಕೊಡುವುದು ಶಾಲೆ. ಹೊಸ ಯಕ್ಷಗಾನ ಪ್ರಸಂಗ, ಗೀತನಾಟಕ, ಮಕ್ಕಳ ಹಾಡಿನ ನಾಟಕ ಬರೆಯುವವರ ಜೊತೆ ಕೂತು ಹಸ್ತಪ್ರತಿ ನೋಡುವುದು ರಜೆಯಲ್ಲಿ, ಇಲ್ಲದಿದ್ದರೆ ರಾತ್ರಿ. ಆಮಂತ್ರಣದಲ್ಲಿ ನನ್ನ ಹೆಸರು ಬಂದರೆ ‘ಸಹಕಾರ’ದ ಕೆಳಗೆ, ಮೈಕ್‌ನವರ ಪಕ್ಕದಲ್ಲಿ ಬರುತ್ತದೆ.

ಹುದ್ದೆಯ ಮೂಲ ಜರ್ಮನಿ. 1767ರಲ್ಲಿ ಹ್ಯಾಂಬರ್ಗಿನ ರಂಗಮಂದಿರ ನಾಟಕಕಾರ ಲೆಸಿಂಗ್‌ನನ್ನು ನೇಮಿಸಿಕೊಂಡದ್ದರಿಂದ ಅದರ ಚರಿತ್ರೆ ಶುರು. ಅಮೆರಿಕದ ಮ್ಯೂಸಿಕಲ್‌ನಲ್ಲಿ ಕಥೆ-ಮಾತು ಒಬ್ಬರದು, ಸಾಹಿತ್ಯ ಇನ್ನೊಬ್ಬರದು, ಸಂಗೀತ ಮತ್ತೊಬ್ಬರದು ಆಗಿರುವುದೇ ಹೆಚ್ಚು. ಮೂವರೂ ಒಂದೇ ನಾಟಕ ಬರೆಯುತ್ತಿದ್ದಾರೆಯೇ ಎಂದು ನೋಡುವವನು ಡ್ರಾಮಟರ್ಗ್. ಅಲ್ಲಿ ಕೃತಿ ಓದಿನಿಂದ ಓದಿಗೆ ಬೆಳೆಯುತ್ತದೆ. ನಟರನ್ನು ಕೂರಿಸಿ ಒಟ್ಟು 29 ಗಂಟೆಯೊಳಗೆ ಅಭ್ಯಾಸ, ಓದು ಎರಡನ್ನೂ ಮುಗಿಸುವ ಒಂದು ಪದ್ಧತಿಯೇ ಇದೆ. ಆಮೇಲೆ ಕಾರ್ಯಾಗಾರ, ಪೂರ್ವ ಪ್ರದರ್ಶನ. ಪ್ರತಿ ಹಂತದಲ್ಲೂ ಹಾಡು ಬೀಳುತ್ತದೆ, ಏಳುತ್ತದೆ. ನಮ್ಮಲ್ಲಿ ಬಿ.ವಿ. ಕಾರಂತರಂಥವರು ನಿರ್ದೇಶನ, ಸಂಗೀತ ಎರಡನ್ನೂ ಒಬ್ಬರೇ ಮಾಡುತ್ತಿದ್ದುದರಿಂದ ಈ ಜಗಳಗಳೆಲ್ಲ ಒಂದೇ ತಲೆಯೊಳಗೆ ಮುಗಿಯುತ್ತಿದ್ದವು. ಎಲ್ಲರೂ ಕಾರಂತರಲ್ಲವಲ್ಲ.

ಕೆಲಸದ ತಿರುಳು ನನ್ನ ಮಟ್ಟಿಗೆ ಒಂದೇ ಪ್ರಶ್ನೆ: ಇಲ್ಲಿ ಮಾತು ನಿಂತು ಹಾಡು ಯಾಕೆ ಶುರುವಾಗಬೇಕು?

ಉದಾಹರಣೆ ಹೇಳುತ್ತೇನೆ. ಗಲ್ಫಿಗೆ ಹೊರಟ ಮಗನ ಕಥೆಯ ಒಂದು ನಾಟಕ ನನ್ನ ಕೈಗೆ ಬಂತು. ಕಾಸರಗೋಡಿನಲ್ಲಿ ಈ ಕಥೆ ಇಲ್ಲದ ಮನೆ ಕಡಿಮೆ. ಕಾರು ಅಂಗಳದಲ್ಲಿ ನಿಂತಿರುವಾಗ ತಾಯಿಯ ಹಾಡು, ಒಳ್ಳೆಯ ಧಾಟಿ. ನಾನು ಕೇಳಿದ್ದಿಷ್ಟೆ: ಹಾಡು ಮುಗಿಯುವಾಗ ತಾಯಿಗೆ ಹೊಸತಾಗಿ ಏನು ಗೊತ್ತಾಯಿತು? ಏನೂ ಇಲ್ಲ. ಪೆಟ್ಟಿಗೆ ಕಟ್ಟಿಯಾಗಿದೆ, ಅಳುವುದೊಂದೇ ಬಾಕಿ. ಆದರೆ ಅದಕ್ಕೂ ಎರಡು ದೃಶ್ಯ ಹಿಂದೆ ಮಗ ವೀಸಾ ಬಂದದ್ದನ್ನು ಮುಚ್ಚಿಟ್ಟು ತಾಯಿಯ ಜೊತೆ ಅಡಿಕೆ ಸುಲಿಯುತ್ತಾ ಕೂತಿರುತ್ತಾನೆ. ಬರುವ ವರ್ಷ ಮಾಡಿನ ಹಂಚು ಬದಲಿಸಬೇಕು, ಕೆಳಗಿನ ತೋಟಕ್ಕೆ ಸಸಿ ಇಡಬೇಕು ಎಂದು ಅವಳ ಮಾತು ಸಾಗಿರುತ್ತದೆ. ಹಾಡು ಅಲ್ಲಿಗೆ ಹೋಯಿತು. ಅವಳು ಬರುವ ವರ್ಷದ ಕೆಲಸ ಹಾಡುತ್ತಾಳೆ, ಮಗ ಅರ್ಧರ್ಧ ಸಾಲಿನಲ್ಲಿ ಹೂಂಗುಡುತ್ತಾನೆ. ಅವನು ಎಲ್ಲಿ ಹೂಂಗುಡಲಿಲ್ಲವೋ ಅಲ್ಲಿ ಅವಳಿಗೆ ವಿಷಯ ತಿಳಿಯುತ್ತದೆ. ತ್ರಿವುಡೆ ತಾಳದಲ್ಲಿದ್ದ ಧಾಟಿ ಸುಲಿಯುವ ಕೈಗೆ ಹೊಂದುವಂತೆ ಏಕತಾಳಕ್ಕೆ ಬಂತು. ಅಂಗಳದ ದೃಶ್ಯಕ್ಕೆ ನಾಲ್ಕು ಮಾತು ಸಾಕಾಯಿತು. ಸಂಗೀತ ಮಾಡಿದವರು ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಅದು ಈ ಕೆಲಸದ ಮಾಮೂಲಿ.

ಒಂದು ಹಾಡು ಬದಲಾದರೆ ನಾಟಕವೇ ಬದಲಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಯಲ್ಲಿ ಪ್ರಸಿದ್ಧ ನಿದರ್ಶನ 1962ರ ‘ಎ ಫನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಮ್’. ಮೊದಲು ಅದರ ಆರಂಭದ ಹಾಡು ಮೆಲುವಾದ ಪ್ರೇಮಗೀತೆ. ಜನ ನವಿರಾದ ನಾಟಕವೆಂದುಕೊಂಡು ಕೂತರು, ಮುಂದಿನ ಅಬ್ಬರದ ಹಾಸ್ಯಕ್ಕೆ ನಗಲಿಲ್ಲ. ಸಲಹೆಗೆ ಬಂದ ನಿರ್ದೇಶಕ ಜೆರೋಮ್ ರಾಬಿನ್ಸ್, ಇದು ನಗೆನಾಟಕ ಎಂದು ಮೊದಲ ಹಾಡೇ ಹೇಳಬೇಕೆಂದರು. ಅದರ ಹಾಡುಗಳ ಕರ್ತೃ ಸಾಂಡ್‌ಹೈಮ್ ಹೊಸ ಹಾಡು ಬರೆದರು, ನಾಟಕ ಗೆದ್ದಿತು.

ನೀವು ಕಾಸರಗೋಡಿನವರಾದರೆ ಅರ್ಧ ತರಬೇತಿ ಊರಲ್ಲೇ ಇದೆ. ಯಕ್ಷಗಾನ ಹಾಡಿ ನಡೆಸುವ ಭಾಗವತರು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕೂತು ಯಾವ ಪದ್ಯ ಬಿಡಬೇಕು, ಯಾವುದನ್ನು ಎತ್ತಬೇಕು ಎಂದು ಗುರುತು ಹಾಕುವುದನ್ನು ನೋಡಿ. ಇಡೀ ರಾತ್ರಿಯ ಪ್ರಸಂಗ ಕೆಲವೇ ಗಂಟೆಗಳ ಕಾಲಮಿತಿಗೆ ಇಳಿಯುವಾಗ ಕಥೆ ಎಲ್ಲೂ ಕುಂಟದಂತೆ ನೋಡಿಕೊಳ್ಳುವುದು ಡ್ರಾಮಟರ್ಗ್ ಕೆಲಸವೇ. ಕೇರಳದ ಶಾಲಾ ಕಲೋತ್ಸವಕ್ಕೆ ಯಕ್ಷಗಾನ ತಂಡ ತಯಾರು ಮಾಡುವವರ ಜೊತೆ ಸೇರಿಕೊಂಡರೆ ಅದೇ ತಲೆನೋವು ಇನ್ನೂ ಚಿಕ್ಕ ಅಳತೆಯಲ್ಲಿ ಸಿಗುತ್ತದೆ. ಮನೆಯಲ್ಲಿ ಮಾಡಲು ಒಂದು ಅಭ್ಯಾಸ: ತೊರವೆ ರಾಮಾಯಣವನ್ನೂ ನಮ್ಮ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ‘ಪಂಚವಟಿ’ ಪ್ರಸಂಗವನ್ನೂ ಅಕ್ಕಪಕ್ಕ ಇಟ್ಟು ಓದಿ. ತಾಳವಿಲ್ಲದ ಭಾಮಿನಿ ಷಟ್ಪದಿಯಲ್ಲೋ ಕಂದದಲ್ಲೋ ಸುಬ್ಬ ಏನನ್ನು ದಾಟಿಸಿದ, ತಾಳದ ಪದ್ಯಕ್ಕೆ ಏನನ್ನು ಕೊಟ್ಟ ಎಂದು ಪಟ್ಟಿ ಮಾಡಿ.

ಆದರೆ ಒಂದು ಕಡೆ ಯಕ್ಷಗಾನದ ಅಭ್ಯಾಸ ಕೈಕೊಡುತ್ತದೆ. ಪದ್ಯದಲ್ಲಿ ಬಂದದ್ದನ್ನು ಅರ್ಥದಲ್ಲಿ, ಎಂದರೆ ಪಾತ್ರಧಾರಿಯ ಮಾತಿನಲ್ಲಿ, ಬೆಳೆಸುವುದು ನಮ್ಮಲ್ಲಿ ಸೊಗಸು. ಮ್ಯೂಸಿಕಲ್‌ನಲ್ಲಿ ಹಾಡು ಮುಗಿದ ಮೇಲೆ ಪಾತ್ರ ಅದನ್ನೇ ಮಾತಿನಲ್ಲಿ ಹೇಳಿದರೆ ಆಟ ಅಲ್ಲೇ ಕೂತುಬಿಡುತ್ತದೆ. ಹಾಡಿನೊಳಗೇ ಕಥೆ ಒಂದು ಹೆಜ್ಜೆ ಮುಂದೆ ಹೋಗಿರಬೇಕು. ಅರ್ಥ ಹೇಳಿ ಪಳಗಿದವರು ಬರೆದ ಹಸ್ತಪ್ರತಿಗಳಲ್ಲಿ ನಾನು ಹೆಚ್ಚು ಗೆರೆ ಎಳೆಯುವುದು ಇಲ್ಲೇ.

ಡ್ರಾಮಟರ್ಗ್ ಎಂಬ ಪ್ರತ್ಯೇಕ ಕೋರ್ಸಿಗೆ ಕಾಯಬೇಡಿ. ರಂಗಶಿಕ್ಷಣಕ್ಕೆ ಹೆಗ್ಗೋಡಿನ ನೀನಾಸಂ ಇದೆ, ಗಡಿಯ ಈಚೆಗಿರುವ ನಮಗೆ ತ್ರಿಶೂರಿನ ಸ್ಕೂಲ್ ಆಫ್ ಡ್ರಾಮಾವೂ ಇದೆ. ಮಲಯಾಳ ಬರುವುದು ಇಲ್ಲಿ ದೊಡ್ಡ ಲಾಭ. ತಾಳ ಮಾತ್ರ ಕೈಯಲ್ಲಿ ಹಾಕಲು ಬರಲೇಬೇಕು. ‘ಈ ಸಾಲು ಉದ್ದವಾಯಿತು’ ಎನ್ನುವ ಮೇಷ್ಟರನ್ನು ಹಿಮ್ಮೇಳದವರು ಕೇಳುವುದಿಲ್ಲ, ‘ತಾಳದ ಎರಡನೇ ಆವರ್ತದಲ್ಲಿ ಅಕ್ಷರ ನೂಕಿದಂತಾಗುತ್ತದೆ’ ಎಂದರೆ ಕೇಳುತ್ತಾರೆ.

ಇನ್ನು ದುಡ್ಡು, ಹೆಸರು. ಅಮೆರಿಕದ ಮ್ಯೂಸಿಕಲ್ ‘ರೆಂಟ್’ನ ಪ್ರಕರಣ ಓದಿ. 1995ರಲ್ಲಿ ಲಿನ್ ಥಾಮ್ಸನ್ ಅದರ ಡ್ರಾಮಟರ್ಗ್ ಆಗಿ ಸೇರಿದರು, ಸಂಭಾವನೆ 2000 ಡಾಲರ್. ಕರ್ತೃ ಜೊನಾಥನ್ ಲಾರ್ಸನ್ 1996ರ ಜನವರಿಯಲ್ಲಿ, ಮೊದಲ ಪ್ರದರ್ಶನದ ಹಿಂದಿನ ರಾತ್ರಿ ಕಳೆದ ಮೇಲೆ ಬೆಳಗಿನ ಜಾವ ತೀರಿಕೊಂಡರು. ನಾಟಕ ಬ್ರಾಡ್‌ವೇಯಲ್ಲಿ 12 ವರ್ಷ ಓಡಿತು. ತಾನೂ ಸಹಕರ್ತೃ ಎಂದು ಥಾಮ್ಸನ್ ನ್ಯಾಯಾಲಯಕ್ಕೆ ಹೋದರು. 1998ರಲ್ಲಿ ಮೇಲ್ಮನವಿಯಲ್ಲೂ ಸೋತರು. ಅವರ ಕೊಡುಗೆ ಇಲ್ಲವೆಂದು ನ್ಯಾಯಾಲಯ ಹೇಳಲಿಲ್ಲ, ಸಹಕರ್ತೃತ್ವದ ಉದ್ದೇಶ ಇಬ್ಬರಿಗೂ ಇತ್ತೆಂಬುದು ಸಾಬೀತಾಗಲಿಲ್ಲ ಎಂದಿತು. ನಮ್ಮಲ್ಲಿ ಎಲ್ಲ ‘ನಮ್ಮವರೇ ಅಲ್ಲವಾ’ ಎನ್ನುವ ಬಾಯಿಮಾತಿನಲ್ಲಿ ನಡೆಯುತ್ತದೆ. ಮೊದಲ ಓದಿಗಿಂತ ಮೊದಲೇ ಒಂದು ಪುಟ ಬರೆಸಿಕೊಳ್ಳಿ: ಹೆಸರು ಯಾವ ಪದದಲ್ಲಿ ಬೀಳುತ್ತದೆ, ದುಡ್ಡೆಷ್ಟು, ಮರುಪ್ರದರ್ಶನಕ್ಕೆ ಏನು. ಮುಜುಗರವಾಗುತ್ತದೆ, ಆಗಲಿ.

ಶುರು ಮಾಡಲು ಒಳ್ಳೆಯ ಹೊತ್ತು ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ನಂತರ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ, ಭಾಗವತರಿಗೂ ಪ್ರಸಂಗ ಬರೆಯುವವರಿಗೂ ಪುರುಸೊತ್ತು ಇರುತ್ತದೆ. ಯಾರಾದರೂ ಹೊಸ ಪ್ರಸಂಗ ಹಿಡಿದು ಕೂತಿದ್ದರೆ, ಜೋರಾಗಿ ಓದಿ ಹೇಳುತ್ತೀರಾ, ಬರೆದುಕೊಳ್ಳುತ್ತೇನೆ ಎಂದು ಕೇಳಿ. ಬೇಡ ಎನ್ನುವವರು ಕಡಿಮೆ.